ಮನೆಯಲ್ಲೇ ಕೂತು ಮಾಡುವ ಇಂಟರ್ನ್‌ಶಿಪ್: ಬಳಕೆದಾರರ ಕೈಪಿಡಿ

ಡಿಜಿಟಲ್ ಮಾರ್ಕೆಟಿಂಗ್ ಇಂಟರ್ನ್‌ಶಿಪ್ (ರಿಮೋಟ್ ಮಾದರಿ) ಆಯ್ದುಕೊಂಡಿದ್ದಕ್ಕೆ ಅಭಿನಂದನೆಗಳು. ಆಯ್ದುಕೊಂಡಿದ್ದು ನೀವಲ್ಲ ಎಂಬುದು ನಮಗೂ ಗೊತ್ತು. ವಿಟಿಯುವಿನ 2022ರ ಸ್ಕೀಮಿನಲ್ಲಿ ಇಂಟರ್ನ್‌ಶಿಪ್ ಇಲ್ಲದೆ ಇಂಜಿನಿಯರಿಂಗ್ ಮುಗಿಯುವುದಿಲ್ಲ. ಬಿಬಿಎ, ಬಿಕಾಂ ಕಾಲೇಜುಗಳೂ ಈಗ ಸರ್ಟಿಫಿಕೇಟ್ ತಂದು ತೋರಿಸಿ ಎನ್ನುತ್ತವೆ. ಬೆಂಗಳೂರಿಗೆ ಹೋಗಿ, ಪಿಜಿ ಹಿಡಿದು, ಎರಡು ತಿಂಗಳು ಬಿಟ್ಟಿ ದುಡಿಯುವಷ್ಟು ದುಡ್ಡು ಮನೆಯಲ್ಲಿಲ್ಲ. ಬಿಟ್ಟಿಯಾಗಿಯೇ ದುಡಿಯುವುದಾದರೆ ಮನೆಯಲ್ಲೇ ಕೂತು ದುಡಿಯಬಹುದಲ್ಲ ಎಂದು ಸೀನಿಯರ್ ಒಬ್ಬ ಲಿಂಕ್ ಕಳಿಸಿದ. ಹೀಗೆ ಈ ಸಾಧನ ನಿಮ್ಮ ಕೈಗೆ ಬಂದಿದೆ.

ಈ ಆವೃತ್ತಿಯನ್ನು ಶಿರಸಿ ಸೀಮೆಯ ಬಿಬಿಎ ವಿದ್ಯಾರ್ಥಿಗಾಗಿ ಸಿದ್ಧಪಡಿಸಲಾಗಿದೆ. ಅವನ ಏಜೆನ್ಸಿ ಬೆಂಗಳೂರಿನದು, ಏಜೆನ್ಸಿಯ ಗಿರಾಕಿ ಬೆಲ್ಲ ಮಾರುವ ಕಂಪನಿ. ಬೇರೆ ಊರಿನವರು ಬೆಲ್ಲ ಎಂದಿರುವಲ್ಲೆಲ್ಲ ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ ಅಥವಾ ಕೂದಲು ಬೆಳೆಸುವ ಎಣ್ಣೆ ಎಂದು ಓದಿಕೊಂಡರೆ ಆಯಿತು. ಮಿಕ್ಕಿದ್ದೆಲ್ಲ ಒಂದೇ.

ಪೆಟ್ಟಿಗೆಯಲ್ಲಿ ಏನೇನಿದೆ

ಪಿಡಿಎಫ್ ರೂಪದ ಆಫರ್ ಲೆಟರ್ ಒಂದು. ನಿಮ್ಮ ಹೆಸರಿನ ಸ್ಪೆಲಿಂಗ್ ತಪ್ಪಿರುತ್ತದೆ. ಈಗಲೇ ತಿದ್ದಿಸಿಕೊಳ್ಳಿ, ಸರ್ಟಿಫಿಕೇಟಿನಲ್ಲೂ ಅದೇ ತಪ್ಪು ಬರುತ್ತದೆ. ವಾಟ್ಸ್‌ಆ್ಯಪ್ ಗ್ರೂಪ್ ಎರಡು: ಒಂದು ಕೆಲಸಕ್ಕೆ, ಇನ್ನೊಂದು ಕೆಲಸ ಏನೆಂದು ಇಂಟರ್ನ್‌ಗಳು ತಮ್ಮತಮ್ಮಲ್ಲೇ ಕೇಳಿಕೊಳ್ಳುವುದಕ್ಕೆ. ಕ್ಯಾನ್ವಾದ ಪಾಸ್‌ವರ್ಡ್ ಒಂದು. ಇದನ್ನು ಹತ್ತಾರು ಜನ ಹಂಚಿಕೊಂಡಿದ್ದು, ಲಾಗಿನ್ ಆಗುವಾಗ ಬರುವ ಒಟಿಪಿ ಮಾತ್ರ ಒಬ್ಬರದೇ ಫೋನಿಗೆ ಹೋಗುತ್ತದೆ. ಅವರು ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಏಳುವುದಿಲ್ಲ. ಮೆಂಟರ್ ಒಬ್ಬರು. ಹೋದ ತಿಂಗಳವರೆಗೆ ಅವರೂ ಇಂಟರ್ನ್ ಆಗಿದ್ದವರು.

ಪೆಟ್ಟಿಗೆಯಲ್ಲಿ ಇಲ್ಲದ್ದು: ಲ್ಯಾಪ್‌ಟಾಪ್, ಇಂಟರ್ನೆಟ್, ಸಂಬಳ. ಸ್ಟೈಪೆಂಡ್ ಜಾಗದಲ್ಲಿ ‘ಪರ್ಫಾರ್ಮೆನ್ಸ್ ನೋಡಿ’ ಎಂದು ಬರೆದಿರುತ್ತದೆ. ಯಾರ ಪರ್ಫಾರ್ಮೆನ್ಸ್ ಎಂದು ಬರೆದಿರುವುದಿಲ್ಲ.

ಎಚ್ಚರಿಕೆ. ಪೆಟ್ಟಿಗೆ ತೆರೆಯಲು ನೀವೇ ದುಡ್ಡು ಕಟ್ಟಬೇಕು, ನೋಂದಣಿ ಶುಲ್ಕ, ತರಬೇತಿ ಶುಲ್ಕ, ವಾಪಸ್ ಬರುವ ಡೆಪಾಸಿಟ್ಟು ಎಂದೇನಾದರೂ ಹೇಳಿದರೆ ಸಾಧನವನ್ನು ತಲೆಕೆಳಗಾಗಿ ಹಿಡಿದಿದ್ದೀರಿ ಎಂದರ್ಥ. ಆ ಕಂಪನಿಯ ಸರಕು ಬೆಲ್ಲವಲ್ಲ, ನೀವು. ಪೆಟ್ಟಿಗೆ ಮುಚ್ಚಿ ವಾಪಸ್ ಕಳಿಸಿ.

ಜೋಡಿಸುವ ವಿಧಾನ

ಮನೆಯಲ್ಲಿ ನೆಟ್‌ವರ್ಕ್ ಸಿಗುವ ಜಾಗ ಹುಡುಕಿ. ಸಾಮಾನ್ಯವಾಗಿ ಅದು ಮಹಡಿಯ ಕಿಟಕಿಯ ಪಕ್ಕ, ಅಡಿಕೆ ರಾಶಿಗೂ ಗೋಡೆಗೂ ನಡುವೆ ಒಬ್ಬರು ಕಾಲು ಮಡಚಿ ಕೂರುವಷ್ಟು ಇರುತ್ತದೆ. ಹಿಂದೆ ಬಿಳಿ ಗೋಡೆ ಕಾಣುವಂತೆ ಕುಳಿತುಕೊಳ್ಳಿ. ಗೂಗಲ್ ಮೀಟ್‌ನಲ್ಲಿ ಮೈಕ್ ಬಂದ್ ಮಾಡಿರುವುದನ್ನು ಎರಡು ಸಲ ಖಚಿತಪಡಿಸಿಕೊಳ್ಳಿ. ಕೊಟ್ಟಿಗೆಯ ಆಕಳು ಬೆಂಗಳೂರಿನ ಮೀಟಿಂಗಿನಲ್ಲಿ ಅಭಿಪ್ರಾಯ ಹೇಳಿದ ಉದಾಹರಣೆಗಳಿವೆ. ಹೆಸ್ಕಾಂನವರು ಕರೆಂಟು ತೆಗೆಯುವ ಹೊತ್ತು, ಮೀಟಿಂಗಿನ ಹೊತ್ತು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅನುಕೂಲ. ಎರಡೂ ಬದಲಾಗುತ್ತಿರುತ್ತವೆ.

ಸಾಧನವನ್ನು ಮನೆಯವರಿಗೆ ಪರಿಚಯಿಸುವ ಹಂತ ಕಷ್ಟದ್ದು. ನೀವು ಕೆಲಸದಲ್ಲಿದ್ದೀರಿ ಎಂಬುದಕ್ಕೆ ಹೊರಗಿನಿಂದ ಕಾಣುವ ಗುರುತೇ ಇಲ್ಲ. ಬೇರೆ ಕಂಪನಿಗಳ ಇನ್‌ಸ್ಟಾಗ್ರಾಂ ಪುಟ ನೋಡಿ ಅವರು ಏನು ಹಾಕುತ್ತಾರೆಂದು ಪಟ್ಟಿ ಮಾಡುವುದು ಈ ಕೆಲಸದ ಒಂದು ಭಾಗ. ಅದನ್ನು ಮಾಡುತ್ತಿರುವಾಗ ಆಯಿ ಮೆಟ್ಟಿಲು ಹತ್ತಿ ಬಂದು, “ಬರೀ ಮೊಬೈಲೇ ಆತಲ ಮಾಣಿ ನಿಂದು” ಎಂದರೆ ವಾದಿಸಬೇಡಿ. ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬನ್ನಿ. ಮನೆಯಲ್ಲೇ ಇರುವವನು ಖಾಲಿ ಇರುವವನು ಎಂಬ ಸೆಟ್ಟಿಂಗ್ ಹಳೆಯ ಮನೆಗಳಲ್ಲಿ ಬದಲಾಯಿಸಲು ಬರುವುದಿಲ್ಲ.

ಮೊದಲ ಚಾಲನೆ: ಹಬ್ಬದ ಪೋಸ್ಟ್

ಹೊಸ ಇಂಟರ್ನ್‌ಗೆ ಮೊದಲು ಸಿಗುವುದು ಹಬ್ಬ. ಸಂಕ್ರಾಂತಿ, ಯುಗಾದಿ, ರಾಜ್ಯೋತ್ಸವ, ಅಂತರರಾಷ್ಟ್ರೀಯ ಚಹಾ ದಿನ, ಯಾವುದಾದರೂ ಸರಿ, ಚಿತ್ರದ ಮೂಲೆಯಲ್ಲಿ ಕಂಪನಿಯ ಲೋಗೊ ಇರಬೇಕು. ಸಿದ್ಧ ಟೆಂಪ್ಲೇಟಿನಲ್ಲಿ ಕಬ್ಬಿನ ಗದ್ದೆ ಎಂದು ಕೊಟ್ಟಿರುವುದು ಬಿದಿರು ಮೆಳೆಯಾಗಿರಬಹುದು, ಹಿಗ್ಗಿಸಿ ನೋಡಿ. ನವೆಂಬರ್ 1ರಂದು ಬಾವುಟ ಹಾಕುವಾಗ ಹಳದಿ ಮೇಲೆ, ಕೆಂಪು ಕೆಳಗೆ. ಇದನ್ನು ಹೇಳಬೇಕಾಗಿ ಬಂದಿದೆ, ಅದಕ್ಕೇ ಹೇಳುತ್ತಿದ್ದೇವೆ.

ಕನ್ನಡದ ಸಾಲು ಹಾಕಬೇಕಾದಾಗ ನಿಮ್ಮ ಬೆಲೆ ಏರುತ್ತದೆ (ಸ್ಟೈಪೆಂಡ್ ಏರುವುದಿಲ್ಲ). ಕಂಪನಿಯ ಡಬ್ಬಿಯ ಲೇಬಲ್ ಮಾಡಿಕೊಟ್ಟ ಪ್ರಿಂಟಿಂಗ್ ಪ್ರೆಸ್ಸಿನವರು ಹಳೆಯ ನುಡಿ ಫಾಂಟಿನಲ್ಲಿ ಬರಹ ಕಳಿಸಿರುತ್ತಾರೆ. ಅದನ್ನು ಕ್ಯಾನ್ವಾಗೆ ಅಂಟಿಸಿದ ಕೂಡಲೇ ಕನ್ನಡ ಮಾಯವಾಗಿ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆಲ್ಲ ಗೀಟು ಚುಕ್ಕೆ ಎದ್ದ ಸಾಲುಗಳು ಬರುತ್ತವೆ. ಯೂನಿಕೋಡಿಗೆ ಬದಲಾಯಿಸಿ ಅಂಟಿಸಿದರೆ ಸರಿಹೋಗುತ್ತದೆ. ಇನ್ನು ಕೆಲವು ತಂತ್ರಾಂಶಗಳಲ್ಲಿ ಅಕ್ಷರ ಉಳಿದರೂ ಒತ್ತು ಕಳಚಿಕೊಂಡು ಪಕ್ಕಕ್ಕೆ ಹೋಗಿ ಕೂರುತ್ತದೆ. ಹಾಗೆ ಒತ್ತು ಕಳಚಿದ ಪೋಸ್ಟನ್ನು ಮೆಂಟರ್, ಮೆಂಟರಿನ ಮೇಲಿನವರು, ಗಿರಾಕಿ ಮೂವರೂ ಹೆಬ್ಬೆರಳೆತ್ತಿ ಒಪ್ಪಿರುತ್ತಾರೆ. ನಿಲ್ಲಿಸಿ. ಆ ಸರಪಳಿಯಲ್ಲಿ ಕನ್ನಡ ಓದಲು ಬರುವವರು ನೀವೊಬ್ಬರೇ.

ಬರಹ ಘಟಕ

ಮುಂದಿನ ಆದೇಶ: ‘ಬೆಲ್ಲದ ಹತ್ತು ಲಾಭಗಳು’ ಎಂಬ ಲೇಖನ, ಐನೂರು ಪದ, ಮುಖ್ಯ ಕೀವರ್ಡ್ ಎಂಟು ಸಲ ಬರಬೇಕು. ಪುಟದ ಹಿಂಬದಿಯಲ್ಲಿ ಮೆಟಾ ಕೀವರ್ಡ್ ತುಂಬಿ ಎಂದೂ ಹೇಳುತ್ತಾರೆ. ಹುಡುಕಾಟದಲ್ಲಿ ಪುಟಗಳಿಗೆ ಸ್ಥಾನ ಕೊಡುವಾಗ ಆ ಕೀವರ್ಡ್ ಟ್ಯಾಗನ್ನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ನೀವು ಆಗ ಅಂಗನವಾಡಿಯಲ್ಲಿದ್ದಿರಿ. ಆದರೂ ತುಂಬಿ, ಮೆಂಟರಿಗೆ ಬಂದ ಕೈಪಿಡಿಯಲ್ಲಿ ಹಾಗೇ ಇದೆ.

ಲೇಖನವನ್ನು ನೀವು ಚಾಟ್‌ಜಿಪಿಟಿಯಿಂದ ಬರೆಸುತ್ತೀರಿ, ಮೆಂಟರ್ ಅದರಿಂದಲೇ ತಿದ್ದಿಸುತ್ತಾರೆ, ಗಿರಾಕಿ ಅದರಿಂದಲೇ ಸಾರಾಂಶ ತೆಗೆಸಿ ಓದುತ್ತಾರೆ. ಈ ಚಕ್ರಕ್ಕೆ ಮನುಷ್ಯರ ಕೈ ತಗಲುವ ಒಂದೇ ಒಂದು ಜಾಗ ಇದೆ. ಹತ್ತು ಲಾಭಗಳಲ್ಲಿ ಏಳನೆಯದು, ‘ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ಬೆಲ್ಲ ತಿನ್ನಬಹುದು’ ಎಂಬುದು. ಕೆಳಗೆ ಜಗಲಿಯ ಮೇಲೆ ಕೂತಿರುವ ನಿಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ. ಶಿರಸಿಯ ಡಾಕ್ಟರು ಸಕ್ಕರೆಯನ್ನು ಎಷ್ಟು ಗಟ್ಟಿಯಾಗಿ ಬೇಡ ಅಂದರೋ ಬೆಲ್ಲವನ್ನೂ ಅಷ್ಟೇ ಗಟ್ಟಿಯಾಗಿ ಬೇಡ ಅಂದಿದ್ದಾರೆ. ತೆಳ್ಳೇವಿಗೆ ಜೋನಿಬೆಲ್ಲ ಬಡಿಸುವಾಗ ಆಯಿ ಅಜ್ಜನ ತಟ್ಟೆಯನ್ನು ದಾಟಿಕೊಂಡು ಹೋಗುವುದನ್ನು ನೀವು ದಿನಾ ನೋಡುತ್ತೀರಿ. ಬೆಲ್ಲದ ಬಹುಪಾಲು ಸುಕ್ರೋಸ್, ಸಕ್ಕರೆಯಲ್ಲಿ ಇರುವುದೂ ಅದೇ. ಕಬ್ಬಿಣದ ಅಂಶವೋ ಮತ್ತೊಂದೋ ಚೂರು ಜಾಸ್ತಿ ಇದ್ದರೆ ರಕ್ತದಲ್ಲಿ ಏರುವ ಗ್ಲೂಕೋಸಿಗೆ ಅದರ ಪರಿಚಯವಿರುವುದಿಲ್ಲ.

ಆಹಾರ ಪದಾರ್ಥದ ಮೇಲೆ ಏನೇನು ಹೇಳಿಕೊಳ್ಳಬಹುದು, ಏನೇನು ಹೇಳಕೂಡದು ಎಂಬುದಕ್ಕೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ತಂದಿದೆ. ಏಳನೆಯ ಲಾಭ ತೆಗೆಯಿರಿ ಎಂದು ಗ್ರೂಪಿನಲ್ಲಿ ಬರೆಯಿರಿ. “ಎಲ್ಲರೂ ಹಾಕ್ತಾರೆ ಬ್ರೋ” ಎಂದು ಉತ್ತರ ಬರುತ್ತದೆ. ನಿಯಮದ ಹೆಸರು ಹೇಳಿ ಇನ್ನೊಮ್ಮೆ ಬರೆಯಿರಿ. ಈಗ ಉತ್ತರ ಬರುವುದಿಲ್ಲ, ಲೇಖನದ ತಲೆಬರಹ ಮಾತ್ರ ಸದ್ದಿಲ್ಲದೆ ‘ಒಂಬತ್ತು ಲಾಭಗಳು’ ಎಂದಾಗುತ್ತದೆ. ಈ ಇಂಟರ್ನ್‌ಶಿಪ್‌ನಲ್ಲಿ ನೀವು ಮಾಡಿದ ಅತ್ಯುತ್ತಮ ಕೆಲಸ ಇದು. ರಿಪೋರ್ಟಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಹುಡುಕು ಪದ ಪತ್ತೆ ಮಾಡುವುದು

ಗೂಗಲ್ ಕೀವರ್ಡ್ ಪ್ಲ್ಯಾನರ್ ತೆರೆಯಿರಿ. ಏಜೆನ್ಸಿ ಕೊಟ್ಟ ಪಟ್ಟಿಯಲ್ಲಿ ‘ಆರ್ಗ್ಯಾನಿಕ್ ಲಿಕ್ವಿಡ್ ಜಾಗರಿ ಪ್ರೀಮಿಯಂ’ ಎಂದಿರುತ್ತದೆ. ಅದನ್ನು ಬದಿಗಿಟ್ಟು, ನಿಮ್ಮೂರಿನವರು ಫೋನಿನ ಮೈಕ್ ಒತ್ತಿ ಹೇಳುವ ಹಾಗೆ ‘ಜೋನಿ ಬೆಲ್ಲ ಎಲ್ಲಿ ಸಿಗುತ್ತೆ’ ಎಂದು ಹಾಕಿ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇನ್ನೊಮ್ಮೆ ಹಾಕಿ, ಏಕೆಂದರೆ ಅರ್ಧ ಕರ್ನಾಟಕ ಬೆರಳಲ್ಲಿ ಟೈಪ್ ಮಾಡುವುದು ಹಾಗೆಯೇ. ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಎಂಬಲ್ಲಿ ‘10ರಿಂದ 100’ ಎಂದು ತೋರಿಸುತ್ತದೆ. ಹತ್ತೋ ನೂರೋ ಎಂದು ನೀವು ಕಣ್ಣುಜ್ಜಿಕೊಳ್ಳಬೇಡಿ. ಜಾಹೀರಾತಿಗೆ ದುಡ್ಡು ಸುರಿಯದ ಖಾತೆಗೆ ಗೂಗಲ್ ಸರಿಯಾದ ಅಂಕಿ ಕೊಡುವುದಿಲ್ಲ, ಅಂದಾಜಿನ ಅಳತೆ ತೋರಿಸಿ ಸುಮ್ಮನಾಗುತ್ತದೆ. ನೀವು ಇದನ್ನು ವರದಿಗೆ ಹಾಕಿದಾಗ ಮೆಂಟರ್ ‘100’ ಎಂದು ಮಾಡುತ್ತಾರೆ. ಗಿರಾಕಿಗೆ ಹೋಗುವಾಗ ಅದು ‘100+’ ಆಗಿರುತ್ತದೆ.

ಅಂಕಿ ಘಟಕ (ಬಿಸಿಯಾಗುವ ಭಾಗ, ಎಚ್ಚರದಿಂದ ಮುಟ್ಟಿ)

ಜಾಹೀರಾತಿಗೆ ಗಿರಾಕಿ ₹500 ಕೊಟ್ಟಿದ್ದಾರೆ ಎಂದುಕೊಳ್ಳೋಣ. ಬೆಂಗಳೂರು, 25ರಿಂದ 45 ವಯಸ್ಸು, ಆರೋಗ್ಯದ ಅಡುಗೆಯಲ್ಲಿ ಆಸಕ್ತಿ ಎಂದೆಲ್ಲ ಗುರುತು ಹಾಕಿ ಬಿಟ್ಟಿದ್ದೀರಿ. ಜಾಹೀರಾತು 20,000 ಸಲ ಕಾಣಿಸಿತು. ಇದು ಇಂಪ್ರೆಷನ್. ಕಂಡದ್ದು 8,000 ಜನರಿಗೆ. ಇದು ರೀಚ್. 200 ಕ್ಲಿಕ್ ಬಂತು, ಅಂದರೆ ಶೇ. 1. ಸಾವಿರ ಸಲ ತೋರಿಸಲು ₹25 ಖರ್ಚಾಯಿತು, ಒಂದು ಕ್ಲಿಕ್ಕಿಗೆ ಎರಡೂವರೆ ರೂಪಾಯಿ. ಫೋನು ಬಂದದ್ದು ಮೂರು. ಅದರಲ್ಲಿ ಒಬ್ಬರು ಬೆಲ್ಲ ಕೇಳಿದರು, ಒಬ್ಬರು ಕೆಲಸ ಕೇಳಿದರು, ಇನ್ನೊಬ್ಬರು ಇದೇ ಬೆಲ್ಲವನ್ನು ನಿಮ್ಮ ಕಂಪನಿಗೇ ಕಡಿಮೆ ದರಕ್ಕೆ ಸಪ್ಲೈ ಮಾಡಲೇ ಎಂದು ಕೇಳಿದರು.

ವರದಿಯಲ್ಲಿ ಮೊದಲ ಪುಟಕ್ಕೆ ಯಾವುದು ಹೋಗುತ್ತದೆ? 20,000. ಅದೊಂದೇ ದಪ್ಪ ಅಕ್ಷರದಲ್ಲಿ. ಆ ಒಂದು ಬೆಲ್ಲದ ಫೋನು ಎಂಟನೇ ಪುಟದ ಕೆಳಗೆ ‘ಲೀಡ್ಸ್: 3’ ಎಂಬಲ್ಲಿ ಉಳಿದಿಬ್ಬರ ಜೊತೆ ಕೂತಿರುತ್ತದೆ. ಯಾರೂ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಿ. ಈ ಉದ್ಯೋಗದಲ್ಲಿ ಸುಳ್ಳು ಬರೆಯಬೇಕಾದ ಪ್ರಸಂಗ ಬಹಳ ಕಡಿಮೆ, ಯಾವ ನಿಜವನ್ನು ಮೇಲೆ ಬರೆಯಬೇಕು ಎಂಬುದೇ ದಿನದ ಚರ್ಚೆ. ಎರಡು ತಿಂಗಳಲ್ಲಿ ಇದೊಂದನ್ನು ಕಲಿತರೂ ಸಾಕು ಎಂಬುದು ಈ ಕೈಪಿಡಿ ಬರೆದವರ ಅಭಿಪ್ರಾಯ. ಆಮೇಲೆ ಪೇಪರಿನಲ್ಲಿ ಬರುವ ಸರ್ಕಾರದ ಸಾಧನೆಯ ಜಾಹೀರಾತನ್ನೂ ಕಾಲೇಜಿನ ಪ್ಲೇಸ್‌ಮೆಂಟ್ ಬ್ಯಾನರನ್ನೂ ನೀವು ಓದುವ ರೀತಿ ಬೇರೆಯಾಗುತ್ತದೆ: ದಪ್ಪ ಅಂಕಿ ಬಿಟ್ಟು ಎಂಟನೇ ಪುಟ ಹುಡುಕುತ್ತೀರಿ.

ಎ/ಬಿ ಟೆಸ್ಟ್ ಎಂಬ ಗುಂಡಿಯೂ ಇದೆ. ಒಂದೇ ಜಾಹೀರಾತನ್ನು ಹಸಿರು ಬಣ್ಣದಲ್ಲಿ 40 ಜನರಿಗೆ, ಹಳದಿ ಬಣ್ಣದಲ್ಲಿ 40 ಜನರಿಗೆ ತೋರಿಸಿದಿರಿ. ಹಸಿರನ್ನು ಇಬ್ಬರು ಒತ್ತಿದರು, ಹಳದಿಯನ್ನು ಮೂವರು. ‘ಹಳದಿಯಿಂದ ಶೇ. 50 ಏರಿಕೆ’ ಎಂದು ಸ್ಲೈಡ್ ತಯಾರಾಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆ ಮೂರನೆಯವನು ನಿಮ್ಮ ಕ್ಲಾಸ್‌ಮೇಟ್, ಹೇಗೆ ಕಾಣುತ್ತದೆಂದು ನೋಡಲು ಒತ್ತಿದ್ದ. ಸಾವಿರಾರು ಜನಕ್ಕೆ ತೋರಿಸದೆ ಬಣ್ಣದ ತೀರ್ಪು ಕೊಡಬಾರದೆಂದು ಸಂಖ್ಯಾಶಾಸ್ತ್ರದ ಮೇಷ್ಟ್ರು ಎರಡನೇ ಸೆಮಿಸ್ಟರಿನಲ್ಲಿ ಹೇಳಿದ್ದು ಈಗ ನೆನಪಾದರೆ ಆ ಸೆಮಿಸ್ಟರಿನ ಫೀಸು ವಸೂಲಾಯಿತು.

ಫಾಲೋವರ್ ತರುವ ಟಾಸ್ಕ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಲಾ ಐವತ್ತು ಜನರನ್ನು ತನ್ನಿ ಎನ್ನುತ್ತಾರೆ. ನೀವು ಚಿಕ್ಕಪ್ಪ, ಸೋದರತ್ತೆ, ಹೈಸ್ಕೂಲ್ ಗೆಳೆಯರನ್ನೆಲ್ಲ ಸೇರಿಸುತ್ತೀರಿ. ಅವರು ಮತ್ತೆಂದೂ ಆ ಕಡೆ ತಿರುಗಿ ನೋಡುವುದಿಲ್ಲ. ಮುಂದಿನ ತಿಂಗಳು ಎಂಗೇಜ್‌ಮೆಂಟ್ ಕುಸಿದಿದೆ ಎಂದು ತುರ್ತು ಮೀಟಿಂಗ್ ಇರುತ್ತದೆ.

ಅತ್ತೆಯ ಲಿಂಕ್

ಲಿಂಕಿನ ಬಾಲಕ್ಕೆ ಯುಟಿಎಂ ಎಂಬ ಗುರುತು ಅಂಟಿಸುವುದನ್ನು ಕಲಿಯಿರಿ. ಯುಟಿಎಂನ ಮೊದಲಕ್ಷರ ಅರ್ಚಿನ್ ಎಂಬ ಕಂಪನಿಯದು. ಗೂಗಲ್ ಅದನ್ನು 2005ರಲ್ಲಿ ಕೊಂಡು ತನ್ನ ಅನಲಿಟಿಕ್ಸ್ ಕಟ್ಟಿಕೊಂಡಿತು. ಯಾವ ಪೋಸ್ಟ್, ಯಾವ ಈಮೇಲ್, ಯಾವ ಜಾಹೀರಾತಿನಿಂದ ಕೊಳ್ಳುವವರು ಬಂದರು ಎಂದು ಈ ಬಾಲ ಹೇಳುತ್ತದೆ. ಬಾಲವಿಲ್ಲದೆ ವಾಟ್ಸ್‌ಆ್ಯಪ್‌ನಿಂದ ಬಂದವರನ್ನು ಅನಲಿಟಿಕ್ಸ್ ಬಹುತೇಕ ‘ಡೈರೆಕ್ಟ್’ ಎಂಬ ಖಾನೆಗೆ ಹಾಕುತ್ತದೆ, ಅಂದರೆ ಎಲ್ಲಿಂದ ಬಂದರೋ ಗೊತ್ತಿಲ್ಲ ಎಂದು.

ನೀವು ಬಾಲ ಸಮೇತ ಲಿಂಕನ್ನು ಹುಬ್ಬಳ್ಳಿಯ ಅತ್ತೆಗೆ ಕಳಿಸುತ್ತೀರಿ. ಅತ್ತೆ ಓದಿ ನೋಡಿ, “ಎಷ್ಟುದ್ದ ಇದ್ದು ನೋಡು, ವೈರಸ್ಸೇ ಇಕ್ಕು” ಎಂದು ಪ್ರಶ್ನಾರ್ಥಕ ಚಿಹ್ನೆಯಿಂದಾಚೆಯ ಭಾಗವನ್ನೆಲ್ಲ ಅಳಿಸಿ, ಉಳಿದ ತುಂಡನ್ನು ಭಜನಾ ಮಂಡಳಿಯ ಗ್ರೂಪಿಗೆ ಹಾಕುತ್ತಾರೆ. ಜೊತೆಗೆ ಒಂದು ಸಾಲು: ನಮ್ಮ ಕಡೆ ಆಲೆಮನೆಯದೇ ಬೆಲ್ಲ, ನಾನು ತರಿಸಿ ನೋಡಿದ್ದೇನೆ. ಆ ವಾರ ವೆಬ್‌ಸೈಟಿನಲ್ಲಿ ಡಬ್ಬಿಗಳು ಸರಸರ ಖಾಲಿಯಾಗುತ್ತವೆ. ಎಲ್ಲವೂ ‘ಡೈರೆಕ್ಟ್’.

ಸೋಮವಾರದ ಮೀಟಿಂಗಿನಲ್ಲಿ ಈ ಏರಿಕೆಗೆ ಕಾರಣ ಏನೆಂಬ ಚರ್ಚೆ ಮುಕ್ಕಾಲು ಗಂಟೆ ನಡೆಯುತ್ತದೆ. ರೀಲ್ಸ್ ಇರಬೇಕು ಎಂದು ಒಬ್ಬರು, ಬ್ರ್ಯಾಂಡ್ ಅರಿವು ಎಂದು ಇನ್ನೊಬ್ಬರು, ಹಳದಿ ಬಣ್ಣ ಎಂದು ಮೆಂಟರ್. ಅತ್ತೆಯ ವಿಷಯ ಹೇಳಬೇಕೆಂದರೆ ಮೈಕ್ ತೆರೆಯಿರಿ, ಹೇಳಿ. “ಗ್ರೇಟ್ ಇನ್‌ಸೈಟ್, ಇದನ್ನ ಸ್ಕೇಲ್ ಮಾಡೋಕಾಗುತ್ತಾ?” ಎಂದು ಕೇಳುತ್ತಾರೆ. ಅತ್ತೆ ಒಬ್ಬರೇ ಇದ್ದಾರೆ. ಅದೂ ಅವರು ಬೆಲ್ಲವನ್ನು ಮೊದಲು ತಿಂದು ನೋಡಿದ್ದರು, ಚೆನ್ನಾಗಿಲ್ಲದಿದ್ದರೆ ಅದೇ ಗ್ರೂಪಿನಲ್ಲಿ ಅದನ್ನೂ ಬರೆಯುತ್ತಿದ್ದರು. ಈ ಕೊನೆಯ ಮಾತನ್ನು ಮೀಟಿಂಗಿನಲ್ಲಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಷೇಧಿತ ಬಳಕೆ

ಎಲ್ಲ ಇಂಟರ್ನ್‌ಗಳೂ ಗಿರಾಕಿಯ ಪುಟಕ್ಕೆ ಐದು ನಕ್ಷತ್ರದ ರಿವ್ಯೂ ಬರೆಯಿರಿ ಎಂಬ ಸಂದೇಶ ಒಂದು ದಿನ ಬಂದೇ ಬರುತ್ತದೆ. ಇದು ಕಾನೂನಿಗೂ ಗೂಗಲ್ ನಿಯಮಕ್ಕೂ ಹೊರಗು. ಆನ್‌ಲೈನ್ ರಿವ್ಯೂ ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೇ ಹೊರಡಿಸಿದೆ. ನಿಯಮ ಹೇಳಿ ನಿರಾಕರಿಸಲು ಮುಜುಗರವಾದರೆ ಈ ವಾಕ್ಯ ಬಳಸಿ: “ಸರ್, ಒಂದು ಡಬ್ಬಿ ಕಳಿಸಿ, ತಿಂದು ಬರೀತೀನಿ.” ಕಂಪನಿಯ ನಂಟಿರುವವರು ತಿಂದು ಬರೆದರೂ ಗೂಗಲ್ ಒಪ್ಪುವುದಿಲ್ಲ. ಚಿಂತೆಯಿಲ್ಲ, ಡಬ್ಬಿ ಬರುವುದಿಲ್ಲ.

ಕಾಲೇಜಿಗೆ ಒಪ್ಪಿಸುವ ವಿಧಾನ

ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಕಡ್ಡಾಯ. ಸರ್ಟಿಫಿಕೇಟು, ಡಿಕ್ಲರೇಶನ್ನು, ಕೃತಜ್ಞತೆ ಎಂದು ಮೊದಲ ಹಾಳೆಗಳು ಹೋಗುತ್ತವೆ. ಕಂಪನಿಯ ಪರಿಚಯವನ್ನು ಅವರದೇ ವೆಬ್‌ಸೈಟಿನಿಂದ ತೆಗೆದುಕೊಳ್ಳಿ. ಅದನ್ನು ಬರೆದವರು ನಿಮ್ಮ ಹಿಂದಿನ ಬ್ಯಾಚಿನ ಇಂಟರ್ನ್. ಸ್ವಾಟ್ ಅನಾಲಿಸಿಸ್ ಇರಲೇಬೇಕು, ಅದು ಇಲ್ಲದ ರಿಪೋರ್ಟನ್ನು ಗೈಡ್ ಮುಟ್ಟುವುದಿಲ್ಲ. ವೈವಾದಲ್ಲಿ “ಇದರಿಂದ ಏನು ಕಲಿತ್ರಿ?” ಎಂದು ಕೇಳಿದಾಗ ಅಜ್ಜನ ತಟ್ಟೆ, ಅತ್ತೆಯ ಗ್ರೂಪು, ಎಂಟನೇ ಪುಟ ಎಂದು ಶುರುಮಾಡಬೇಡಿ. ಇನ್ನೂ ನಲವತ್ತು ಜನ ಹೊರಗೆ ಕಾಯುತ್ತಿದ್ದಾರೆ. “ಟೀಮ್‌ವರ್ಕ್, ಟೈಮ್ ಮ್ಯಾನೇಜ್‌ಮೆಂಟ್” ಎಂದು ಹೇಳಿ ಕೈಮುಗಿಯಿರಿ.

ದೋಷ ನಿವಾರಣೆ

ದೋಷ: ಎಲ್ಲಿ ನೋಡಿದರೂ ಬೆಲ್ಲದ ಜಾಹೀರಾತೇ ಕಾಣುತ್ತಿದೆ. ಕಾರಣ: ಎರಡು ತಿಂಗಳು ನೀವು ಹುಡುಕಿದ್ದು ಅದನ್ನೇ. ಜಾಹೀರಾತಿನ ಮೂಲೆಯ ಮೂರು ಚುಕ್ಕೆ ಒತ್ತಿ, ‘ಇದು ನನಗೇಕೆ ಕಾಣುತ್ತಿದೆ’ ಎಂಬಲ್ಲಿ ನೋಡಿ. ಇಂಥ ವಯಸ್ಸು, ಇಂಥ ಪ್ರದೇಶ, ಇಂಥ ಆಸಕ್ತಿ ಎಂದು ನಿಮ್ಮ ವಿವರ ಇರುತ್ತದೆ. ಆ ಗುರುತುಗಳನ್ನು ಹಾಕಿದ್ದು ಎಲ್ಲೋ ಮಹಡಿಯ ಕಿಟಕಿಯ ಪಕ್ಕ ಕೂತ ಇನ್ನೊಬ್ಬ ಇಂಟರ್ನ್ ಇರಬಹುದು.

ದೋಷ: ನೆಂಟರು ತಮ್ಮ ಅಂಗಡಿಗೂ ಮಾರ್ಕೆಟಿಂಗ್ ಮಾಡಿಕೊಡು ಎನ್ನುತ್ತಾರೆ. ಪರಿಹಾರ: ಗೂಗಲ್ ಮ್ಯಾಪಿನಲ್ಲಿ ಅವರ ಅಂಗಡಿಯ ಫೋನ್ ನಂಬರು, ತೆರೆಯುವ ಮುಚ್ಚುವ ಹೊತ್ತು, ವಾರದ ರಜೆ ಸರಿಮಾಡಿ ಕೊಡಿ. ಈಗ ಆ ಪಿನ್ನು ಪಕ್ಕದ ಕೆರೆಯೊಳಗೆ ಬಿದ್ದಿರುತ್ತದೆ. ಅರ್ಧ ತಾಸಿನ ಕೆಲಸ, ಖರ್ಚಿಲ್ಲ. ಇಡೀ ಇಂಟರ್ನ್‌ಶಿಪ್‌ನಲ್ಲಿ ಕಲಿತದ್ದರಲ್ಲಿ ಊರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಇದೇ.

ಸಾಧನವನ್ನು ಕಳಚುವ ವಿಧಾನ

ಅವಧಿ ಮುಗಿದ ದಿನ ಕಂಪನಿಯ ಇನ್‌ಸ್ಟಾಗ್ರಾಂ ಖಾತೆಯಿಂದ ಮೊದಲು ಲಾಗೌಟ್ ಆಗಿ. ಮರೆತರೆ ಭಾವನ ಮದುವೆಯ ಡೊಳ್ಳು ಕುಣಿತದ ರೀಲು ಬೆಲ್ಲದ ಪುಟದಲ್ಲಿ ಪ್ರಕಟವಾಗುತ್ತದೆ, ಮತ್ತು ಆ ಪುಟದ ಇತಿಹಾಸದಲ್ಲೇ ಹೆಚ್ಚು ಲೈಕ್ ಅದಕ್ಕೇ ಬರುತ್ತದೆ. ಮೆಟಾ ಬಿಸಿನೆಸ್ ಖಾತೆಯಲ್ಲಿ ನಿಮಗೆ ಕೊಟ್ಟ ಅಧಿಕಾರವನ್ನು ಏಜೆನ್ಸಿಯವರು ತೆಗೆಯುತ್ತಾರೆಂದು ನಂಬಬೇಡಿ, ನೀವೇ ಹೊರಗೆ ಬನ್ನಿ. ಬರದಿದ್ದರೆ ಬೆಲ್ಲ ಕೊಳ್ಳುವವರು ಕಳಿಸುವ ಸಂದೇಶ ನಿಮ್ಮ ಫೋನಿಗೆ ಬರುತ್ತಲೇ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಫೋನು ಗುಂಯ್ ಅನ್ನುತ್ತದೆ. ದಾವಣಗೆರೆಯಿಂದ ಒಬ್ಬರು: “ದುಡ್ಡು ಕಟ್ಟಿ ಹನ್ನೆರಡು ದಿನ ಆಯ್ತು, ಬೆಲ್ಲ ಯಾವಾಗ ಬರುತ್ತೆ?” ಮೇಲೆ ನೋಡಿದರೆ ಹಿಂದಿನ ಮೂರು ಸಂದೇಶಕ್ಕೂ ಕಂಪನಿಯಿಂದ ಯಾರೂ ಉತ್ತರಿಸಿಲ್ಲ. ನೀವು ಈಗ ಆ ಕಂಪನಿಯವರಲ್ಲ. ಉತ್ತರ ಕೊಡಬೇಕೇ ಎಂಬ ಬಗ್ಗೆ ಈ ಆವೃತ್ತಿಯಲ್ಲಿ ಸೂಚನೆ ಇಲ್ಲ. ಕಂಪನಿಯ ಗೋದಾಮಿನ ನಂಬರು ಮಾತ್ರ ನಿಮ್ಮ ಹಳೆಯ ಗ್ರೂಪಿನಲ್ಲಿ ಇನ್ನೂ ಇದೆ.